ಅನ್ನದ ಮಾನ

ಅನ್ನಕ್ಕೆ ಮಾನ ಬರೋದು ಯಾವಾಗ? ಪ್ಯಾಟ್ಯಾಗ ದರ ಕಟ್ಟಿದ ಮೇಲೋ, ಅದಕ್ಕಿಂತ ಮೊದಲೋ?

ನಮ್ಮ ಲಗ್ನಕ್ಕೆ 40 ವರ್ಷ ತುಂಬಿದಾಗ ಮಗ ನಮ್ಮಿಬ್ಬರನ್ನೂ ಪುಣೆಯ ದೊಡ್ಡದೊಂದು ಇಟಾಲಿಯನ್ ಹೋಟೆಲಿಗೆ ಕರಕೊಂಡು ಹೋಗಿದ್ದ. ಪೊಲೆಂಟಾ ಅನ್ನೋದನ್ನ ತಂದಿಟ್ಟರು. ನಮ್ಮಾಕಿ ಒಂದು ತುತ್ತು ಉಂಡು, "ಇದು ಗೋವಿನಜೋಳದ ನುಚ್ಚು ಅಲ್ಲೇನ್ರಿ?" ಅಂದಳು. ಖರೇನ ಅದು ನುಚ್ಚೇ. ಮೇಲೆ ಬೆಣ್ಣಿ, ಚೀಸು. ಒಂದು ತಾಟಿಗೆ ನಮ್ಮೂರ ಆಳಿನ ಎರಡು ದಿನದ ಪಗಾರ.

ಗೋವಿನಜೋಳ ಇಟಲಿಯ ಮೂಲ ಬೆಳೆ ಅಲ್ಲ. 1492ರ ನಂತರ ಅಮೆರಿಕದಿಂದ ಯುರೋಪಿಗೆ ಬಂದದ್ದು. ಉತ್ತರ ಇಟಲಿಯ ಬಡ ರೈತರು ಪೊಲೆಂಟಾ ಉಂಡೇ ದಿನ ದೂಡಿದರು. ಬರೇ ಅದನ್ನೇ ಉಂಡವರಿಗೆ ಪೆಲಾಗ್ರಾ ರೋಗ ಬಂದು ಎಷ್ಟೋ ಮಂದಿ ಸತ್ತರು. ಅಂಥಾ ಹಸಿವಿನ ಕೂಳಿಗೆ ಈಗ ಇಷ್ಟು ಮರ್ಯಾದೆ!

ಮಗ ತನ್ನ ದುಡಿಮೆಯಿಂದ ತಾಯಿಗೆ ಒಂದಿನ ಹಂಗ ಉಣಿಸಿದರ ತಪ್ಪೇನಿಲ್ಲ. ನನ್ನ ಸಂಕಟ ಬ್ಯಾರೆ. ನಮ್ಮ ಜತ್ ಕಡೆ ಸಜ್ಜಿ ರೊಟ್ಟಿ ಕಟ್ಟಿಕೊಂಡು ಸಾಲಿಗೆ ಬಂದ ಹುಡುಗ ಬುತ್ತಿ ಮುಚ್ಚಿಕೊಂಡು ಉಣ್ಣತಾನ. ಬ್ರೆಡ್ಡು, ಬಿಸ್ಕೀಟು ತಂದವನು ತೆರೆದು ತೋರಿಸತಾನ.

ಹಿಂದೆ ಕಣದಾಗ ಹಂತಿ ಹೊಡೆಯೋವಾಗ ನಾವು ಪದ ಹಾಡತಿದ್ದಿವಿ. ರಾಶಿಗೆ ಪೂಜಿ ಮಾಡಿ, ಕೈ ಮುಗಿದೇ ಅಳೆಯಾಕ ಕುಂದರತಿದ್ದಿವಿ. ಆ ವರ್ಷದ ದರ ಆಗ ಯಾರಿಗೂ ಗೊತ್ತಿರತಿರಲಿಲ್ಲ. ಕೈ ಮುಗಿದದ್ದು ದರಕ್ಕಲ್ಲ, ಕಾಳಿಗೆ. ಮಾನ ಅನ್ನೋದು ದರಕ್ಕಿಂತ ಮೊದಲೇ ಕೊಡೋದು ಅಂತ ನಾನು ತಿಳಿದದ್ದು ಅಲ್ಲೇ.

ಸಾಲಿ ಗುರುಗಳೇ, ನಾಳೆ ಮಧ್ಯಾಹ್ನ ಆ ಹುಡುಗನ ಬಾಜೂ ಕುಂತು ಒಂದು ತುಣುಕು ರೊಟ್ಟಿ ಕೇಳಿ ಉಣ್ಣಿರಿ.