ತಾತನಿಗೆ ಏನು ಹೇಳುವುದು?

ಕೆಜಿಎಫ್ ಅಂದರೆ ನಮ್ಮೂರು. ನಾನು ಪಿಎಚ್‌ಡಿ ಮಾಡುವ ಲ್ಯಾಬಿನಲ್ಲಿ ಮಾತ್ರ ಅದು ಕೆರಟಿನೊಸೈಟ್ ಗ್ರೋತ್ ಫ್ಯಾಕ್ಟರ್, 1989ರಲ್ಲಿ ಗುರುತಿಸಿದ ಒಂದು ಪ್ರೋಟೀನು. ಚರ್ಮ, ಶ್ವಾಸಕೋಶಗಳ ಮೇಲ್ಪದರಕ್ಕೆ 'ಬೆಳೆ' ಎಂದು ಹೇಳುವುದು ಇದರ ಕೆಲಸ. ತಯಾರಿಸುವುದು ಅಡಿಯ ಪದರದ ಜೀವಕೋಶಗಳು. ಅವುಗಳಿಗೆ ಅದನ್ನು ಹಿಡಿಯುವ ರಿಸೆಪ್ಟರೇ ಇಲ್ಲ. (ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಆ ದೊಡ್ಡ ಪ್ರೋಟೀನಿನ ಬದಲು ಪುಟ್ಟ ಪೆಪ್ಟೈಡೊಂದು, ಅಂದರೆ ಹತ್ತಿಪ್ಪತ್ತು ಅಮೈನೋ ಆಮ್ಲಗಳ ಸರ, ರಿಸೆಪ್ಟರನ್ನು ಎಬ್ಬಿಸೀತೇ ಎಂಬುದು ನಮ್ಮ ಹುಡುಕಾಟ. ಆಗದ ಮಾತೇನಲ್ಲ. ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಹಾರ್ಮೋನಿನಲ್ಲಿ 165 ಅಮೈನೋ ಆಮ್ಲಗಳಿವೆ. 1996ರಲ್ಲಿ ಬರೀ 20ರ ಪೆಪ್ಟೈಡೊಂದು ಅದೇ ಕೆಲಸ ಮಾಡಿ ತೋರಿಸಿತು. ಎರಡರ ಸರಣಿಗೆ ಹೋಲಿಕೆಯೇ ಇಲ್ಲ. ರಿಸೆಪ್ಟರು ಬಂದವರ ಕುಲ ಕೇಳುವುದಿಲ್ಲ. ಅದೇ ದಾರಿಯಲ್ಲಿ ಬಂದ ಪೆಜಿನೆಸಟೈಡ್ ಎಂಬ ಔಷಧಿಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷವೇ, ತೀವ್ರ ಅಲರ್ಜಿಯಿಂದ ಕೆಲವರು ಸತ್ತ ಮೇಲೆ, ಅದನ್ನು ಹಿಂದಕ್ಕೆ ಪಡೆದರು.

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನನಗೊಬ್ಬರು ತಾತ ಸಿಗುತ್ತಾರೆ. 2001ರಲ್ಲಿ ಗಣಿ ಮುಚ್ಚುವವರೆಗೆ ಕೆಳಗಿಳಿದವರು. ಬೆಣಚುಕಲ್ಲಿನ ದೂಳು ಕುಡಿದ ಎದೆ. ಬಂಗಾರಪೇಟೆಯಲ್ಲಿ ಮೆಟ್ಟಿಲು ಹತ್ತಿದರೆ ಐದು ನಿಮಿಷ ಮಾತಿಲ್ಲ. ನನ್ನ ಕೆಲಸ ಕೇಳಿ ತಿಳಿದ ಮೇಲೆ ಒಂದು ದಿನ ಅಂದರು: "ನಿನ್ನ ಕೆಜಿಎಫ್ ನನ್ನ ಎದೆಗೆ ಆಗ್ತದೇನಮ್ಮಾ?"

"ಸಂಶೋಧನೆ ನಡೀತಾ ಇದೆ ತಾತ" ಅನ್ನಬಹುದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಗಾಯಕ್ಕೆ ಮೊದಲೇ ಕೊಟ್ಟಾಗ ಈ ಪ್ರೋಟೀನು ಪ್ರಾಣಿಗಳ ಶ್ವಾಸಕೋಶವನ್ನು ಕಾಪಾಡಿದ್ದೂ ಉಂಟು. ಆದರೆ ಸಿಲಿಕೋಸಿಸ್‌ನ ಕಲೆ ಕಟ್ಟಿಹೋದದ್ದು. ಅದನ್ನು ಇದು ಅಳಿಸುವುದಿಲ್ಲ. ಆ ಪುಟ್ಟ ವಾಕ್ಯವೂ ಒಂದು ಪೆಪ್ಟೈಡೇ: ವಾಸಿಯಾಗುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ, ಆಸೆಯನ್ನು ಮಾತ್ರ ಎಬ್ಬಿಸುತ್ತದೆ. ಫೆಲೋಶಿಪ್ ಅರ್ಜಿಗಳಲ್ಲಿ ನಾವೆಲ್ಲ ಅದನ್ನೇ ಬರೆಯುತ್ತೇವೆ. ಅಲ್ಲಿ ಓದುವವರಿಗೆ ಎಷ್ಟು ಕಳೆದು ಓದಬೇಕೆಂದು ಗೊತ್ತು. ತಾತ ಏನನ್ನೂ ಕಳೆಯುವುದಿಲ್ಲ. ಕೇಳುವವನು ಏನೆಂದುಕೊಳ್ಳುತ್ತಾನೆ ಎಂದು ತಿಳಿದೂ ಆಡಿದ ನಿಜ ನನ್ನ ಲೆಕ್ಕದಲ್ಲಿ ಸುಳ್ಳೇ. ಮುದುಕರ ಆಸೆ ಕಿತ್ತುಕೊಳ್ಳಬಾರದು ಎನ್ನುವ ಗೆಳತಿಯರಿದ್ದಾರೆ. ಆದರೆ ಆ ಆಸೆಯ ಬೆನ್ನು ಹತ್ತಿ ಅವರು ಯಾವ ಯಾವ ಆಸ್ಪತ್ರೆಗೆ ದುಡ್ಡು ಸುರಿದಾರು?

"ನಿಮಗೆ ಆಗಲ್ಲ ತಾತ" ಅಂದೆ.

"ಮತ್ತೆ ಯಾರಿಗಮ್ಮಾ?"

ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಬಾಯೆಲ್ಲ ಹುಣ್ಣಾಗುವವರಿಗೆ ಇದೇ ಪ್ರೋಟೀನಿನ ಔಷಧಿ 2004ರಿಂದ ಇದೆ ಎಂದೆ. ಅವರು ಕಿಟಕಿಯ ಕಡೆ ತಿರುಗಿ, ಅದು ಎಷ್ಟು ದುಡ್ಡಾಗುತ್ತದೆ ಎಂದು ಕೇಳಿದರು.