ಅಭಿಷೇಕದ ಮಧು

ಲಿಂಗಾಭಿಷೇಕಕ್ಕೆಂದು ಹಾಲು, ಮೊಸರು, ತುಪ್ಪ, ಸಕ್ಕರೆಗಳೊಡನೆ ಭಕ್ತನು ಜೇನುತುಪ್ಪವನ್ನೂ ತರುತ್ತಾನೆ. ಹಾಲಾದರೆ ಕರುವಿಗೆ ಬಿಟ್ಟು ಕರೆದುದೇ ಯೋಗ್ಯವೆಂಬುದು ಹಳ್ಳಿಯ ಮುದುಕಿಗೂ ಗೊತ್ತು. ಜೇನಿನ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳುವವರೇ ವಿರಳ. ಇರುಳಿನಲ್ಲಿ ಪಂಜು ಹಿಡಿದು ಹುಳುಗಳನ್ನು ಸುಟ್ಟು, ಮರಿಗಳ ಸಮೇತ ಎರಿಯನ್ನು ಹಿಂಡಿದ ತುಪ್ಪವೂ ಅದೇ ಬಟ್ಟಲಿಗೆ ಬೀಳುತ್ತದೆ. ಪದಾರ್ಥವು ಲಿಂಗಾರ್ಪಿತವಾಗಿ ಪ್ರಸಾದವಾಗುವುದೆಂದು ಸಾರಿದ ಶರಣರೇ, ಆ ಪದಾರ್ಥವು ಸತ್ಯಶುದ್ಧ ಕಾಯಕದಿಂದ ಬಂದುದಾಗಿರಬೇಕೆಂದೂ ವಿಧಿಸಿದರು.

ಆಯ್ದಕ್ಕಿ ಮಾರಯ್ಯನ ಪ್ರಸಂಗವು ಇಲ್ಲಿ ಸ್ಮರಣೀಯ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತನು ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿಯೇನೂ ಕದ್ದುದಲ್ಲ. ಬೇಕಾದುದಕ್ಕಿಂತ ಹೆಚ್ಚಾಯಿತೆಂಬುದೊಂದೇ ಅದರ ದೋಷ. ಜೇನು ತೆಗೆಯುವ ಕೈಗೂ ಈ ಅಳತೆಯೇ ಸಲ್ಲುತ್ತದೆ.

ತುಡುವೆ ಜೇನು ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳ ಕತ್ತಲೆಯಲ್ಲಿ ಸಾಲುಸಾಲಾಗಿ ಎರಿ ಕಟ್ಟುತ್ತದೆ. ಎರಿಯ ಮೇಲ್ಭಾಗದಲ್ಲಿ ತುಪ್ಪ, ಕೆಳಗೆ ಮರಿ. ಅದು ತುಪ್ಪವನ್ನು ಕೂಡಿಡುವುದು ಮನುಷ್ಯನಿಗಾಗಿ ಅಲ್ಲ. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳ ಮಳೆ ಹಿಡಿದಾಗ ಹೊರಗೆ ಹಾರಲಾರದ ಕುಟುಂಬಕ್ಕೆ ಅದೇ ಕಣಜ. ಬೇಸಗೆಯ ಕೊನೆಯಲ್ಲಿ ಅದನ್ನು ಬರಿದುಮಾಡಿದರೆ ಹುಳುಗಳು ಹಸಿದು ಸಾಯುತ್ತವೆ, ಇಲ್ಲವೆ ಗೂಡು ತೊರೆದು ಹೋಗುತ್ತವೆ. ಸಕ್ಕರೆಯ ಪಾಕವಿಟ್ಟರಾಯಿತೆಂಬ ವಾದವುಂಟು. ಆಪತ್ಕಾಲಕ್ಕೆ ಅದೂ ಬೇಕಾದೀತು. ಆದರೆ ಅದನ್ನೇ ಪದ್ಧತಿಯಾಗಿಸುವುದು ಕರುವನ್ನು ಕೆಚ್ಚಲಿನಿಂದ ಎಳೆದು ಹಿಟ್ಟಿನ ನೀರು ಕುಡಿಸಿದಂತೆ. ಮಡಕೆಯಲ್ಲಿಯೋ ಟೊಳ್ಳು ಮರದ ತುಂಡಿನಲ್ಲಿಯೋ ಪೆಟ್ಟಿಗೆಯಲ್ಲಿಯೋ ಸಾಕುವ ವಿವೇಕಿಯು ಮೇಣದ ಮುಚ್ಚಳ ಬಿದ್ದ ತುಪ್ಪದ ಎರಿಯಲ್ಲಿ ಒಂದು ಪಾಲನ್ನು ಮಾತ್ರ ತೆಗೆದು, ಮರಿಯ ಎರಿಯನ್ನು ಮುಟ್ಟದೆ, ಮಳೆಗಾಲದ ಬುತ್ತಿಯನ್ನು ಅಲ್ಲಿಯೇ ಬಿಡುತ್ತಾನೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಮರಿಹುಳುಗಳು ನೀರು ತುಂಬಿದ ಚೀಲಗಳಂತಾಗಿ ಕೋಶದಲ್ಲಿಯೇ ಸತ್ತವು. ತುಂಬಿದ್ದ ಪೆಟ್ಟಿಗೆಗಳು ಬರಿದಾದವು. ಅಳಿದುಳಿದ ಕುಟುಂಬಗಳಿಂದಲೇ ಆ ಸಂತತಿ ಮೆಲ್ಲಮೆಲ್ಲನೆ ಮತ್ತೆ ಹಬ್ಬಬೇಕಾಯಿತು. ಪೊಟರೆಯಲ್ಲಿ ಉಳಿದ ಒಂದೊಂದು ಗೂಡೂ ಬೀಜದ ರಾಶಿಯಿದ್ದಂತೆ. ಅದನ್ನು ಸುಡುವವನು ಮುಂದಿನ ವರ್ಷದ ಬಿತ್ತನೆಯನ್ನೇ ಹುರಿದು ತಿಂದವನು.

ಇನ್ನು ಹೂವಿನ ಮಾತು. ತುಂಬೆಯ ಹೂವು ಶಿವನಿಗೆ ಪ್ರಿಯವೆಂಬುದು ಪರಂಪರೆ. ಜೇನಿಗೂ ಅದು ಪ್ರಿಯವೇ. ಹೊಲದವನು ಅದನ್ನು ಕಳೆಯೆಂದು ಕೀಳುತ್ತಾನೆ, ಪೂಜೆಯವನು ಬೆಳಗಾಗುವ ಮೊದಲೇ ತೋಟದ ಹೂಗಳನ್ನೆಲ್ಲ ಬುಟ್ಟಿಗೆ ತುಂಬುತ್ತಾನೆ. (ಪಕ್ಕದ ಮನೆಯ ಬೇಲಿಯ ಹೂವನ್ನು ಕೇಳದೆ ಕೊಯ್ಯುವವರ ಮಾತು ಬೇರೆಯೇ ಇದೆ.) ಗಿಡದಲ್ಲಿ ಅರ್ಧ ಉಳಿದರೆ ಪೂಜೆಗೆ ಕೊರತೆಯಾಗದು. ಎಸಳಿನ ಮೇಲೆ ಎಸಳು ತುಂಬಿದ ಅಲಂಕಾರದ ಹೂಗಳಲ್ಲಿ ಜೇನಿಗೆ ದೊರಕುವುದು ಅತ್ಯಲ್ಪ. ಹೊಂಗೆ, ನೇರಳೆ, ಅಂಟುವಾಳ, ಬಿಲ್ವ, ತುಳಸಿಗಳಿದ್ದ ವನದಲ್ಲಿ ಒಂದರ ಹೂ ಮುಗಿಯುವಾಗ ಇನ್ನೊಂದು ಅರಳಿ, ಹುಳುವಿಗೆ ಉಪವಾಸದ ದಿನಗಳು ಕಡಿಮೆಯಾಗುತ್ತವೆ. ಪ್ರತಿಫಲವೂ ಬಳ್ಳಿಯಲ್ಲಿಯೇ ಕಾಣುತ್ತದೆ. ಕುಂಬಳ, ಸೌತೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪರಾಗವನ್ನು ಹೊತ್ತು ತರುವ ಹುಳುವಿಲ್ಲದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಹೂ ಬಿಟ್ಟ ಬಳ್ಳಿಗೆ ಹಗಲಿನಲ್ಲಿ ಕೀಟನಾಶಕ ಹೊಡೆಯುವ ರೈತನು ತನ್ನ ಆಳುಗಳಿಗೇ ವಿಷವಿಕ್ಕಿದಂತಾಯಿತು. ಸಿಂಪಡಿಸದೆ ತೀರದಿದ್ದರೆ, ಹುಳುಗಳು ಗೂಡು ಸೇರಿದ ಸಂಜೆಯ ಹೊತ್ತಿಗೆ ಆಗಬೇಕು.

ಅಭಿಷೇಕಕ್ಕೆ ಬೇಕಾಗುವುದು ಒಂದು ಚಮಚ ಮಧು. ಒಂದು ಹುಳು ತನ್ನ ಆಯುಷ್ಯವೆಲ್ಲ ದುಡಿದರೂ ಅಷ್ಟಾಗದು. ಪತ್ರಿವನದ ನೆರಳಿನಲ್ಲಿ ಗೂಡಿಗೊಂದು ಮಡಕೆಯನ್ನೂ, ಇರುವೆ ಹತ್ತದಂತೆ ಅದರ ಕಾಲ್ಮಣೆಯ ಕೆಳಗೆ ನೀರಿನ ಬಟ್ಟಲುಗಳನ್ನೂ ಇಡಬಹುದು. ಬೇಸಗೆಯಲ್ಲಿ ಕುಡಿಯುವುದಕ್ಕೆ ಇಟ್ಟ ನೀರಿನಲ್ಲಿ ನಾಲ್ಕು ಬೆಣಚುಕಲ್ಲುಗಳಿರಬೇಕು. ಇಲ್ಲವಾದರೆ ಕೂರಲು ತಾಣವಿಲ್ಲದೆ ಹುಳುಗಳು ಅದರಲ್ಲಿಯೇ ಮುಳುಗುತ್ತವೆ.