ನಮ್ಮನ್ನು ಯಾರು ಕೇಳಿದ್ದಾರೆ?

2016ರ ಜೂನ್ ತಿಂಗಳ ಕೊನೆಯ ವಾರ. ರಾಮಕುಂಜದ ಪಕ್ಕದ ಆತೂರಿನಲ್ಲಿ ಮಳೆ ಜಡಿದು ಹೊಡೆಯುತ್ತಿತ್ತು. ಬಸ್ಸು ತಡವಾದ್ದರಿಂದ ನಾವು ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆವು. ಹುಡುಗನೊಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಯುರೋಪ್ ಒಕ್ಕೂಟದಿಂದ ಹೊರಬರಲು ಬ್ರಿಟನ್ನಿನ ಜನ ಮತ ಹಾಕಿದ್ದರು. ಬಿಡಬೇಕು ಎಂದವರು ನೂರಕ್ಕೆ 51.9, ಇರಬೇಕು ಎಂದವರು 48.1. ಇದರಿಂದ ಅಡಿಕೆಯ ರೇಟು ಇಳಿಯುತ್ತದೆಯೇ ಎಂದು ಒಬ್ಬರು ವಿಚಾರಿಸಿದರು. ಗಲ್ಫಿನಲ್ಲಿರುವ ಮಗನ ಕೆಲಸಕ್ಕೆ ತೊಂದರೆಯೇನೂ ಇಲ್ಲವಲ್ಲ ಎಂದು ಇನ್ನೊಬ್ಬರು ಕೇಳಿದರು. ಮೂಲೆಯಲ್ಲಿದ್ದ ವೃದ್ಧರೊಬ್ಬರು ಗ್ಲಾಸು ಕೆಳಗಿಟ್ಟು, "ಅವರನ್ನಾದರೂ ಕೇಳಿದರಲ್ಲ, ನಮ್ಮನ್ನು ಯಾರು ಕೇಳಿದ್ದಾರೆ?" ಎಂದರು.

ಅವರ ಅಕ್ಕನನ್ನು ಬದಿಯಡ್ಕದ ಕಡೆಗೆ ಕೊಟ್ಟಿದ್ದರಂತೆ. ಮದುವೆಯಾದಾಗ ತವರೂ ಗಂಡನ ಮನೆಯೂ ಒಂದೇ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಬೆಳಿಗ್ಗೆ ಎದ್ದಾಗ ಅಕ್ಕ ಬೇರೆ ರಾಜ್ಯದವಳಾಗಿದ್ದಳು. ಅವಳು ಎಲ್ಲಿಗೂ ಹೋಗಿರಲಿಲ್ಲ.

ಆ ಮಾತನ್ನು ನಾವು ಹಲವು ಸಲ ಮೆಲುಕು ಹಾಕಿದ್ದೇವೆ. ಜನರನ್ನು ಕೇಳುವುದು ಎಂದರೆ ಏನು? ಕೇಳದೆ ಹೋದರೆ ಏನಾಗುತ್ತದೆ? ಕೇಳಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ?

ನಮ್ಮ ಈ ಸೀಮೆಯಲ್ಲಿ ಕೇಳದೆ ಗಡಿ ಬದಲಿಸಿದ ಕಥೆ 1956ಕ್ಕಿಂತ ಹಳೆಯದು. 1834ರಲ್ಲಿ ಕಂಪೆನಿ ಸರಕಾರ ಕೊಡಗಿನ ಅರಸನನ್ನು ಇಳಿಸಿ, ಅಮರ ಸುಳ್ಯದ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ರೊಕ್ಕ ಹೊಂದಿಸಬೇಕಾಯಿತು. 1837ರಲ್ಲಿ ಅವರು ಎದ್ದು ಮಂಗಳೂರಿನವರೆಗೂ ನಡೆದರು, ಮುಂದಾಳುಗಳು ಗಲ್ಲಿಗೇರಿದರು. ಯಾರೂ ಕೇಳದ ಪ್ರಶ್ನೆಗೆ ಜನ ಆಯುಧ ಹಿಡಿದು ಉತ್ತರ ಕೊಟ್ಟಿದ್ದರು.

ಕಾಸರಗೋಡಿನವರಿಗೆ ಮತಪತ್ರವಿತ್ತು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಲಿ ಎಂದಿತು. ಜನಮತ ಗಣನೆ ನಡೆಯಲಿಲ್ಲ. ಆದರೆ 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ ಬಂದಾಗ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲೂ 1967ರಲ್ಲೂ ಅಲ್ಲಿ ಗೆದ್ದವರು ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ. ಸರಕಾರ ಕೇಳಿದ್ದು ನಿಮ್ಮ ಶಾಸಕ ಯಾರಾಗಬೇಕು ಎಂದು. ಜನ ಹೇಳಿದ್ದು ತಮ್ಮ ರಾಜ್ಯ ಯಾವುದಾಗಬೇಕು ಎಂದು. ಅವರು ತಮ್ಮನ್ನು ಕೇಳದ ಪ್ರಶ್ನೆಯ ಉತ್ತರವನ್ನು ಸಿಕ್ಕಿದ ಹಾಳೆಯ ಮೇಲೆ ಬರೆದರು.

ಬ್ರಿಟನ್ನಿನಲ್ಲಿ ಇದರ ತಿರುಗುಮುರುಗು ನಡೆಯಿತು. ಕೇಳಿದ್ದು ಒಕ್ಕೂಟದ ಪ್ರಶ್ನೆ. ಆದರೆ ಮುಚ್ಚಿದ ಗಣಿಗಳ ಮತ್ತು ಕಾರ್ಖಾನೆಗಳ ಊರಿನವರು ಕೆಲಸ, ಕೂಲಿ, ಆಸ್ಪತ್ರೆಯ ಸಾಲು, ವಲಸೆ ಇವುಗಳ ಬಗ್ಗೆ ವರ್ಷಗಳಿಂದ ಹೇಳಬೇಕೆಂದಿದ್ದನ್ನೆಲ್ಲ ಆ ಒಂದು ಗುರುತಿನಲ್ಲಿ ಹೇಳಿದರು. ಅವರನ್ನು ತಿಳಿಗೇಡಿಗಳೆಂದು ಹಂಗಿಸಿದವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಬಹುದಿನ ಯಾರೂ ಮಾತನಾಡಿಸದ ಮನುಷ್ಯನನ್ನು ಸಮಯ ಎಷ್ಟಾಯಿತೆಂದು ಕೇಳಿದರೂ ಅವನು ತನ್ನ ಕಷ್ಟದ ಕಥೆಯನ್ನೇ ಹೇಳಲು ತೊಡಗುತ್ತಾನೆ. ತಪ್ಪು ಅವನದೇ?

ಇನ್ನೊಂದು ಕಗ್ಗಂಟು ಇದೆ. ಯಾರನ್ನು ಒಟ್ಟಿಗೆ ಎಣಿಸಬೇಕು? ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಮಂದಿ ಒಕ್ಕೂಟದಲ್ಲಿ ಇರಬೇಕು ಎಂದರು. ಇಡೀ ಬ್ರಿಟನ್ನಿನ ಲೆಕ್ಕದಲ್ಲಿ ಅವರ ಮಾತು ಮುಳುಗಿತು. ಕಾಸರಗೋಡು ತಾಲ್ಲೂಕನ್ನು ಇಡಿಯಾಗಿ ಎಣಿಸಿದಾಗ ಮಲಯಾಳ ಮೇಲಾಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಬೇರೆಯಾಗಿ ನೋಡಿ ಅದು ಮೈಸೂರಿಗೆ ಸೇರಬೇಕೆಂದಿತು. ಆ ವರದಿ ಜಾರಿಯಾಗಲಿಲ್ಲ. ಅದೇ ವರ್ಷ ಜನವರಿ 16ರಂದು ಗೋವಾದವರನ್ನು ಮಾತ್ರ ಕೇಳಿದರು. ಮಹಾರಾಷ್ಟ್ರಕ್ಕೆ ಸೇರುವುದಾದರೆ ಹೂವಿಗೆ ಮತ, ಬೇಡವಾದರೆ ಎರಡು ಎಲೆಗೆ. 1,72,191 ಮಂದಿ ಎಲೆಗೆ ಹಾಕಿದರು, 1,38,170 ಮಂದಿ ಹೂವಿಗೆ. ಗೋವಾ ಗೋವಾ ಆಗಿಯೇ ಉಳಿಯಿತು. ಹೂವಿಗೆ ಹಾಕಿದವರೂ ಅಲ್ಲೇ ಉಳಿದರು. ಎಲ್ಲಿ ಗೆರೆ ಎಳೆದು ಎಣಿಸಿದರೂ ಒಳಗೆ ಒಬ್ಬ ಸೋತವನು ಇದ್ದೇ ಇರುತ್ತಾನೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಸಂತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮ್ಮಂಥವರನ್ನು ಯಾವ ಲೆಕ್ಕಕ್ಕೆ ಹಾಕುವುದು?

ಹಾಗೆಂದು ಗಡಿಯ ಪ್ರತಿ ಬದಲಾವಣೆಗೂ ಮತಪೆಟ್ಟಿಗೆ ಇಡಲಾಗದು. ರಾಮಕುಂಜ ಪುತ್ತೂರು ತಾಲ್ಲೂಕಿನಿಂದ ಕಡಬ ತಾಲ್ಲೂಕಿಗೆ ಹೋದಾಗಲೂ ಮತದಾನ ನಡೆದಿರಲಿಲ್ಲ. ಅದರಿಂದ ಯಾರ ಮಗುವಿನ ಪಾಠದ ಭಾಷೆಯೂ ಬದಲಾಗಲಿಲ್ಲ. ಯಾವ ಬದಲಾವಣೆಯಿಂದ ಮನುಷ್ಯ ತನ್ನ ಮನೆಯಲ್ಲೇ ಪರಕೀಯನಾಗುತ್ತಾನೋ ಅದನ್ನು ಅವನನ್ನು ಕೇಳದೆ ಮಾಡಬಾರದು.

ಕೇಳುವ ಬಗೆಯನ್ನು ನಮ್ಮ ಧರ್ಮ ನಮಗೆ ಕಲಿಸಿದೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ಶೂರಾ, ಅಂದರೆ ಸಮಾಲೋಚನೆ. ನಿಕಾಹ್‌ಗೆ ಮೊದಲು ಮದುಮಗಳ ಒಪ್ಪಿಗೆ ಕೇಳಬೇಕು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದೇನು? ಎಲ್ಲ ನಿಶ್ಚಯವಾಗಿ, ಬಂಧುಬಳಗ ಸೇರಿ, ಬಿರಿಯಾನಿಯ ದೇಗು ಒಲೆಗೇರಿದ ಮೇಲೆ ಹುಡುಗಿಯನ್ನು ಕೇಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಒಪ್ಪಿದಳು ಎಂದು ಹೊರಗೆ ಬಂದು ಹೇಳುತ್ತಾರೆ. ಬೇಡವೆನ್ನಲು ಜಾಗ ಬಿಡದೆ ಕೇಳುವುದು ಕೇಳಿದಂತಲ್ಲ. ಇದು ಮನೆಗೂ ಸರಿ, ದೇಶಕ್ಕೂ ಸರಿ.

ಕೊಡದ ಉತ್ತರವನ್ನು ಕೊಟ್ಟರೆಂದು ಹೇಳುವುದು ಇದಕ್ಕಿಂತ ದೊಡ್ಡ ಅನ್ಯಾಯ. ಅದರ ಕಹಿ ನಮ್ಮ ಸಮುದಾಯಕ್ಕೆ ಚೆನ್ನಾಗಿ ಗೊತ್ತು. 1946ರ ಚುನಾವಣೆಯಲ್ಲಿ ನಿಮ್ಮವರು ದೇಶ ಒಡೆಯಲು ಮತ ಹಾಕಿದರಲ್ಲ ಎಂದು ಇಂದಿಗೂ ಚುಚ್ಚುವವರಿದ್ದಾರೆ. ಆಗ ಮತವಿದ್ದದ್ದು ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆಯಿದ್ದ ಕೆಲವರಿಗೆ ಮಾತ್ರ. ಗೇಣಿಗೆ ದುಡಿಯುತ್ತಿದ್ದ, ತಲೆಹೊರೆಯಲ್ಲಿ ಒಣಮೀನು ಮಾರುತ್ತಿದ್ದ ಅಜ್ಜಂದಿರನ್ನು ಯಾರೂ ಕೇಳಿರಲಿಲ್ಲ. ಅವರು ಉತ್ತರ ಕೊಟ್ಟದ್ದು 1947ರಲ್ಲಿ, ಇದ್ದ ಮಣ್ಣಿನಲ್ಲೇ ಉಳಿಯುವ ಮೂಲಕ. ಆದರೂ ಇಂದು ನಾವು ರಸ್ತೆಗೆಂದು, ಶಾಲೆಗೆಂದು, ಪಡಿತರಕ್ಕೆಂದು ಹಾಕಿದ ಮತವನ್ನು ಬೂತಿನ ಲೆಕ್ಕ ಹಿಡಿದು, ನೀವು ಈ ದೇಶದವರೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರವೆಂಬಂತೆ ಓದುತ್ತಾರೆ. ಮಂಜೇಶ್ವರದವರು ತಾವಾಗಿಯೇ ಚುನಾವಣೆಯನ್ನು ಜನಮತ ಗಣನೆ ಮಾಡಿಕೊಂಡರು. ನಮ್ಮ ಪ್ರತಿ ಮತವನ್ನೂ ಬೇರೆಯವರು ಹಾಗೆ ಮಾಡಿಬಿಡುತ್ತಾರೆ.

ಇಷ್ಟು ದೂರು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂತು. ಎರಡು ತಿಂಗಳಾಗುವಷ್ಟರಲ್ಲಿ ಕೊರೋನಾ ಬಂದು ನಮ್ಮ ಗಡಿಯೂ ಮುಚ್ಚಿತು. ತಲಪಾಡಿಯಲ್ಲಿ ತಡೆ ಬಿತ್ತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಹಿಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಾಚೆಯೇ ಉಳಿದರು, ಕೆಲವರು ತೀರಿಕೊಂಡರು. ವಿಷಯ ಕೇರಳದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ನಮ್ಮ ಕಡೆಯ ಅಂಗಡಿ ಜಗಲಿಗಳಲ್ಲಿ, ಮಸೀದಿಯ ಅಂಗಳದಲ್ಲಿ, ನಮ್ಮ ನಮ್ಮ ಮನೆಗಳಲ್ಲಿ ಕೇಳಿದ ಮಾತು ಒಂದೇ: "ಅವರು ಈಚೆ ಬರುವುದು ಬೇಡ." ಭಯ ಸುಳ್ಳಾಗಿರಲಿಲ್ಲ. ಆದರೆ ಉಸಿರು ಸಿಕ್ಕಿಕೊಂಡವರಿಗೆ ದಾರಿ ಹೇಗೆ ಮಾಡೋಣ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಾವೂ ಕೇಳಲಿಲ್ಲ. ಅರುವತ್ತನಾಲ್ಕು ವರ್ಷಗಳಲ್ಲಿ ಅಕ್ಕನ ಮನೆಯವರು ನಮ್ಮ ಬಾಯಲ್ಲಿ "ಅವರು" ಆಗಿದ್ದರು.

ಗಡಿ ಎಳೆದವರು ನಮ್ಮನ್ನು ಕೇಳಲಿಲ್ಲ, ನಿಜ. ಆದರೆ ಆ ಗಡಿಯನ್ನು ಮನಸ್ಸಿನೊಳಗೆ ತಂದಿಟ್ಟುಕೊಳ್ಳುವಾಗ ನಾವು ಯಾರನ್ನು ಕೇಳಿದೆವು? ಒಕ್ಕೂಟ ಇರಲಿ ಬಿಡಲಿ, ರಾಜ್ಯ ಈಚೆಗಿರಲಿ ಆಚೆಗಿರಲಿ, ಮತ ಎಣಿಸಿದ ಮರುದಿನವೂ ಅದೇ ನೆರೆಯವರ ಜೊತೆ ಬದುಕಬೇಕು. ಗೆದ್ದವರು ಸೋತವರ ಬಾಗಿಲಿಗೆ ಹೋಗಿ ವಿಚಾರಿಸದಿದ್ದರೆ ಆ ಗೆಲುವಿಗೆ ಬರಿಯ ಲೆಕ್ಕವಷ್ಟೇ ಆಧಾರ. ಆ ವೃದ್ಧರ ಪ್ರಶ್ನೆಯನ್ನು ನಾವು ಸರಕಾರಕ್ಕೆ ಕೇಳೋಣ, ಕೇಳಲೇಬೇಕು. ಅದೇ ಪ್ರಶ್ನೆಯನ್ನು ನಮ್ಮ ಮನೆಯ ಹುಡುಗಿಯರೂ ಗಡಿಯಾಚೆಯ ನೆಂಟರೂ ನಮಗೆ ಕೇಳಿದರೆ ತಲೆ ತಗ್ಗಿಸದೆ ನಿಲ್ಲುವ ಹಾಗೆ ಬದುಕೋಣ.